ಬಳ್ಳಾರಿಯ ಬಿಸಿಲಲ್ಲಿ ಮಾರುತಿ 800ರ ಇಂಜಿನ್ ಕಟ್ಟುವುದು

ಕಾರಿನ ಇಂಜಿನ್ನನ್ನು ಮನೆಯಲ್ಲೇ ಪೂರ್ತಿ ಬಿಚ್ಚಿ ಮತ್ತೆ ಕಟ್ಟಬಹುದಾ? ಕಟ್ಟಬಹುದು. ನಾನು ಕಟ್ಟಿದ್ದೇನೆ. ನಾನು ಮೆಕ್ಯಾನಿಕ್ ಅಲ್ಲ, ಐಟಿಐ ಓದಿದವನೂ ಅಲ್ಲ. ಬಳ್ಳಾರಿ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಭಾನುವಾರ ಮತ್ತು ರಜೆಗಳಲ್ಲಿ, ಮನೆ ಪಕ್ಕದ ಶೀಟಿನ ಶೆಡ್ಡಿನಲ್ಲಿ ನಿಧಾನವಾಗಿ ಮಾಡಿದ ಕೆಲಸ ಇದು. ಮಾಡುತ್ತಾ ಹೋದಂತೆ ಒಂದು ವಿಷಯ ಗಟ್ಟಿಯಾಗಿ ತಲೆಗೆ ಹತ್ತಿತು. ಪಾನಾ ತಿರುಗಿಸುವುದು ಇದರಲ್ಲಿ ಚಿಕ್ಕ ಭಾಗ. ತೊಳೆಯುವುದು ದೊಡ್ಡದು. ಅಳೆಯುವುದು ಎಲ್ಲಕ್ಕಿಂತ ದೊಡ್ಡದು. ವಿಡಿಯೊಗಳಲ್ಲಿ ಬಿಚ್ಚುವುದನ್ನೂ ಕಟ್ಟುವುದನ್ನೂ ಚೆನ್ನಾಗಿ ತೋರಿಸುತ್ತಾರೆ, ಆದರೆ ಅಳೆಯುವ ಜಾಗ ಬಂದಾಗ ಸರಸರ ಓಡಿಸಿಬಿಡುತ್ತಾರೆ. ಹಾಗಾಗಿ ಇಲ್ಲಿ ಜಾಸ್ತಿ ಬರೆಯುತ್ತಿರುವುದು ಅಳತೆ ಬಗ್ಗೆಯೇ.

ಹೊಸಬರಿಗೆ ನಾನು ಹೇಳುವ ಇಂಜಿನ್ ಒಂದೇ, ಹಳೇ ಕಾರ್ಬುರೇಟರ್ (ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗ) ಇರುವ ಮಾರುತಿ 800ರದ್ದು. ಎಫ್8ಬಿ ಅಂತ ಅದರ ಹೆಸರು. ಮೂರು ಸಿಲಿಂಡರ್, 796 ಸಿಸಿ, ಒಂದು ಸಿಲಿಂಡರಿಗೆ ಗಾಳಿ ಒಳಗೆ ಬಿಡಲು ಒಂದು, ಹೊಗೆ ಹೊರಗೆ ಬಿಡಲು ಒಂದು ಅಂತ ಎರಡು ವಾಲ್ವ್, ಅವನ್ನು ತೆರೆಯಲು ಮೇಲೆ ಒಂದೇ ಕ್ಯಾಮ್, ಅದನ್ನು ತಿರುಗಿಸಲು ಒಂದು ಬೆಲ್ಟ್. 1983ರ ಡಿಸೆಂಬರ್‌ನಲ್ಲಿ ರಸ್ತೆಗೆ ಬಂದ ಕಾರು 2014ರ ಜನವರಿಯವರೆಗೂ ತಯಾರಾಯಿತು. ಓಮ್ನಿಯಲ್ಲಿ ಇದ್ದದ್ದೂ ಇದೇ ಇಂಜಿನ್. ಅಷ್ಟು ವರ್ಷ ಅಷ್ಟು ಕಾರು ಓಡಿದ್ದರಿಂದ ಸಾಮಾನು ಬಳ್ಳಾರಿಯಲ್ಲೂ ಸಿಗುತ್ತದೆ, ಗಂಗಾವತಿಯಲ್ಲೂ ಸಿಗುತ್ತದೆ, ಸಿಂಧನೂರಿನಲ್ಲೂ ಸಿಗುತ್ತದೆ. ಇಬ್ಬರು ಸೇರಿದರೆ ಎತ್ತಿ ಮೇಜಿನ ಮೇಲೆ ಇಡಬಹುದು. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಎಲ್ಲ ಕೆಲಸವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ.

ನನ್ನದು ಗುಜರಿಯಿಂದ ತಂದದ್ದು. ತರುವಾಗ ರಸೀದಿ ಕೇಳಿ ತಗೊಳ್ಳಿ, ಅದರಲ್ಲಿ ಇಂಜಿನ್ ನಂಬರ್ ಬರೆಸಿ. ಮುಂದೆ ಅದನ್ನು ಯಾವುದಾದರೂ ಕಾರಿಗೆ ಕೂರಿಸಬೇಕು ಅಂದರೆ ಆರ್‌ಸಿಯಲ್ಲಿ ಆ ನಂಬರ್ ಸೇರಿಸಬೇಕಾಗುತ್ತದೆ, ಆಗ ಆರ್‌ಟಿಓ ಕಚೇರಿಯಲ್ಲಿ ಮೊದಲು ಕೇಳುವುದೇ ಆ ಕಾಗದ. ನಾನು ಕಾರಿಗೆ ಹಾಕಿಲ್ಲ. ಕಬ್ಬಿಣದ ಆಂಗಲ್ ಬೆಸೆದು ಮಾಡಿಸಿದ ಸ್ಟ್ಯಾಂಡ್ ಮೇಲೆ, ಪಕ್ಕದಲ್ಲಿ ಒಂದು ರೇಡಿಯೇಟರ್, ಒಂದು ಬ್ಯಾಟರಿ ಇಟ್ಟು ಓಡಿಸುತ್ತೇನೆ. ಕಲಿಯಲು ಅದೇ ಒಳ್ಳೆಯದು.

796 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಕೊಟ್ಟಿದ್ದೆ. ಸಿಲಿಂಡರಿನ ವ್ಯಾಸ 68.5 ಎಂಎಂ, ಪಿಸ್ಟನ್ ಓಡುವ ದೂರ 72 ಎಂಎಂ. ಸಿಲಿಂಡರಿನ ಘನಫಲ ಕಂಡುಹಿಡಿಯುವ ಸೂತ್ರ ಅವರಿಗೆ ಗೊತ್ತೇ ಇದೆ. ಒಂದಕ್ಕೆ 265.3 ಸಿಸಿ ಬಂತು, ಮೂರಕ್ಕೆ 796. ಪುಸ್ತಕದ ಸೂತ್ರ ಕಂಪನಿ ಹೇಳುವ ಸಂಖ್ಯೆಗೆ ಸರಿಯಾಗಿ ಹೋಗಿ ಕೂತಾಗ ಅವರ ಮುಖ ನೋಡಬೇಕಿತ್ತು. ಹಿಂದಿನ ಬೆಂಚಿನ ಒಬ್ಬ ಹುಡುಗ ಅವತ್ತು ಸಂಜೆಯೇ ಅವರಪ್ಪನ ಬೈಕಿನ ಅಳತೆ ಹುಡುಕಿ ಲೆಕ್ಕ ಮಾಡಿಕೊಂಡು ಬಂದಿದ್ದ.

ಕೆಲಸ ಕಲಿಸಿದವರು ಕೌಲ್ ಬಜಾರ್ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕ್. ಎಲ್ಲರೂ ಉಸ್ತಾದ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ನಮ್ಮ ಊರಲ್ಲಿ ಇಂಜಿನ್ ಕೆಲಸದ ಕೈಗಳು ಇಷ್ಟೊಂದು ಇರಲು ಕಾರಣ ಅದಿರಿನ ಲಾರಿಗಳು. ಸಂಡೂರಿನಿಂದ ಹಗಲು ರಾತ್ರಿ ಲಾರಿ ಓಡುತ್ತಿದ್ದ ಕಾಲದಲ್ಲಿ ಉಸ್ತಾದರ ಅಂಗಳದಲ್ಲಿ ಒಂದು ಇಂಜಿನ್ ಇಳಿದರೆ ಇನ್ನೊಂದು ಕಾಯುತ್ತಿತ್ತಂತೆ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳು ಸಾಲಾಗಿ ನಿಂತವು. ಎಷ್ಟೋ ಜನ ಮೆಕ್ಯಾನಿಕ್‌ಗಳು ಊರು ಬಿಟ್ಟರು. ಇವರು ಲಾರಿ ಬಿಟ್ಟು ಓಮ್ನಿ, ಮಾರುತಿ, ಟಾಟಾ ಏಸ್ ಹಿಡಿದರು. ಈ ಕೈಗಳಲ್ಲಿ ಇರುವ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿ ಇಲ್ಲ. ನಮ್ಮ ಪಾಲಿಟೆಕ್ನಿಕ್‌ಗಳು ಇಂಥವರನ್ನು ಕರೆಸಿ ಕೂರಿಸಿ, ಮಕ್ಕಳ ಮುಂದೆ ಒಂದು ಇಂಜಿನ್ ಬಿಚ್ಚಿಸಬೇಕು. ಇದನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ.

ಬಿಚ್ಚುವಾಗ ಕೈ ಹಿಡಿದದ್ದು ಅಕ್ಕನ ಮಗಳು. ಅವಳು ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದಾಳೆ. ಒಂದೊಂದು ಭಾಗ ಬಿಚ್ಚಿದಾಗಲೂ ಫೋಟೊ ತೆಗೆದು, ಯಾವ ಬೋಲ್ಟ್ ಎಲ್ಲಿಯದು ಅಂತ ರಟ್ಟಿನ ಮೇಲೆ ಚಿತ್ರ ಬರೆದು, ಬೋಲ್ಟನ್ನು ಅದರಲ್ಲೇ ಚುಚ್ಚಿ ಇಟ್ಟಳು. ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಕೆಳಗಿನ ದಂಡ) ಹಿಡಿದಿರುವ ಬೇರಿಂಗ್ ಕ್ಯಾಪ್‌ಗಳು, ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕ್ಯಾಪ್‌ಗಳು, ಇವನ್ನು ಮಾತ್ರ ಅದಲು ಬದಲು ಮಾಡಲೇಬಾರದು. ಕಾರ್ಖಾನೆಯಲ್ಲಿ ಕ್ಯಾಪ್ ಕೂರಿಸಿದ ಮೇಲೆಯೇ ತೂತನ್ನು ಕೊರೆದಿರುತ್ತಾರೆ, ಹಾಗಾಗಿ ಒಂದು ಕ್ಯಾಪ್ ಒಂದೇ ಜಾಗಕ್ಕೆ, ಒಂದೇ ದಿಕ್ಕಿಗೆ ಹೊಂದುತ್ತದೆ. ಬಿಚ್ಚುವ ಮೊದಲೇ ಗುರುತು ಹಾಕಿ.

ಒಳಗೆ ನೋಡಿದ ಕೂಡಲೇ ಉಸ್ತಾದ್ ಹೇಳಿದರು, "ಸರ್, ಇದು ಓಡಿ ಸವೆದದ್ದಲ್ರಿ, ಧೂಳು ತಿಂದು ಸವೆದದ್ದು." ಏರ್ ಫಿಲ್ಟರ್ ಡಬ್ಬಿಯ ಒಳಗೆ, ಫಿಲ್ಟರ್ ದಾಟಿದ ಆಚೆ ಕಡೆಗೂ, ಕೆಂಪು ಪುಡಿ ಕೂತಿತ್ತು. ಒಂದು ಲೀಟರ್ ಪೆಟ್ರೋಲ್ ಉರಿಯಬೇಕಾದರೆ ಇಂಜಿನ್ ಒಂಬತ್ತು ಸಾವಿರ ಲೀಟರಿಗೂ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ಒಂದು ಕೆಜಿ ಪೆಟ್ರೋಲಿಗೆ ಹೆಚ್ಚುಕಡಿಮೆ 14.7 ಕೆಜಿ ಗಾಳಿ ಬೇಕು, ಅದನ್ನು ಲೀಟರಿಗೆ ತಿರುಗಿಸಿದರೆ ಇಷ್ಟಾಗುತ್ತದೆ. ತೋರಣಗಲ್ಲು ರಸ್ತೆಯಲ್ಲಿ ಓಡಾಡುವವರಿಗೆ ಆ ಗಾಳಿಯಲ್ಲಿ ಏನಿರುತ್ತದೆ ಅಂತ ಗೊತ್ತು. ಅದಿರಿನ ಧೂಳು, ಅದರ ಜೊತೆಗೆ ಮರಳಿನ ಕಣ, ಎರಡೂ ಸಿಲಿಂಡರಿನ ಎರಕದ ಕಬ್ಬಿಣವನ್ನು ಉಜ್ಜುವಷ್ಟು ಗಟ್ಟಿ. ಎಣ್ಣೆ ಜೊತೆ ಸೇರಿ ಅದು ಪಾಲಿಶ್ ಹಚ್ಚುವ ಪೇಸ್ಟ್ ಆಗುತ್ತದೆ. ಅಗ್ಗದ ಫಿಲ್ಟರ್ ಹಾಕಿದರೆ, ಇಲ್ಲ ಫಿಲ್ಟರನ್ನು ಬಡಿದು ಬಡಿದು ವರ್ಷಗಟ್ಟಲೆ ಅದನ್ನೇ ಹಾಕಿದರೆ ಇಂಜಿನ್ ಹೋಗುವುದು ಹೀಗೆಯೇ. ನಮ್ಮ ಕಡೆ ಕಾರಿಗೆ ಖರ್ಚು ಮಾಡಬೇಕಾದ ಮೊದಲ ದುಡ್ಡು ಒಳ್ಳೆಯ ಏರ್ ಫಿಲ್ಟರಿನದ್ದು, ಸೀಟ್ ಕವರ್ ಆಮೇಲೆ.

ಇನ್ನೊಂದು ನಮ್ಮ ಊರಿನ ಕಾಯಿಲೆ ನೀರು. ಬ್ಲಾಕಿನಲ್ಲಿ, ಅಂದರೆ ಸಿಲಿಂಡರ್‌ಗಳಿರುವ ಕಬ್ಬಿಣದ ಗಟ್ಟಿಯಲ್ಲಿ, ನೀರು ಓಡುವ ದಾರಿಗಳಲ್ಲಿ ಬಿಳಿ ಪದರ ಕಟ್ಟಿತ್ತು, ಬಿಸಿನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಸುರಿಯುತ್ತಾ ಬಂದ ಫಲ. ಆ ಸುಣ್ಣದ ಪದರ ಶಾಖವನ್ನು ನೀರಿಗೆ ಬಿಡುವುದಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರಲ್ಲಿ ಅಷ್ಟೇ ಸಾಕು ಹೆಡ್, ಅಂದರೆ ಸಿಲಿಂಡರ್‌ಗಳ ಮೇಲಿನ ಮುಚ್ಚಳ, ಬಾಗಲು. ಬ್ಲಾಕಿನ ಪಕ್ಕದ ಬಿಲ್ಲೆಯಂಥ ಮುಚ್ಚಳಗಳನ್ನು ಹೊಡೆದು ತೆಗೆದು, ಒಳಗೆ ತಂತಿ ಹಾಕಿ ಕೆರೆದು, ನೀರು ಬಿಟ್ಟು ತೊಳೆದೆ. ತುಂಬಾ ಹೊತ್ತು ಹಿಡಿಯಿತು. ಈಗ ಕೂಲೆಂಟ್ ಅರ್ಧ, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಅರ್ಧ.

ಇನ್ನು ಅಳತೆಗೆ ಬರುತ್ತೇನೆ. ಸಿಲಿಂಡರ್ ಎಷ್ಟು ಸವೆದಿದೆ ಅಂತ ನೋಡಲು ಒಳವ್ಯಾಸ ಅಳೆಯುವ ಬೋರ್ ಗೇಜ್ ಬೇಕು. ಅದು ದುಬಾರಿ. ಆದರೆ ಕೆಲವು ನೂರು ರೂಪಾಯಿಗೆ ಸಿಗುವ ಫೀಲರ್ ಗೇಜ್ (ಬೇರೆ ಬೇರೆ ದಪ್ಪದ ತೆಳು ಉಕ್ಕಿನ ಪಟ್ಟಿಗಳು) ಮತ್ತು ಅದೇ ಇಂಜಿನ್ನಿನ ಒಂದು ಪಿಸ್ಟನ್ ರಿಂಗ್ (ಪಿಸ್ಟನ್ ಸುತ್ತ ಕೂತು ಸಂದು ಮುಚ್ಚುವ ಬಳೆ) ಇದ್ದರೆ ಸವೆತವನ್ನು ಮನೆಯಲ್ಲೇ ಕಂಡುಹಿಡಿಯಬಹುದು. ನನಗೆ ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಖುಷಿ ಕೊಟ್ಟದ್ದು ಇದು. ರಿಂಗ್ ಪೂರ್ತಿ ಸುತ್ತು ಇರುವುದಿಲ್ಲ, ಒಂದು ಕಡೆ ಸೀಳು ಇರುತ್ತದೆ. ಆ ರಿಂಗನ್ನು ಸಿಲಿಂಡರಿನ ಒಳಗೆ ಇಳಿಸಿ, ಪಿಸ್ಟನ್ನಿನ ತಲೆಯಿಂದ ಒತ್ತಿ ಮಟ್ಟಸವಾಗಿ ಕೂರಿಸಿ, ಸೀಳಿನ ಅಗಲವನ್ನು ಫೀಲರ್ ಗೇಜಿನಿಂದ ಅಳೆಯಬೇಕು. ಮೊದಲು ಸಿಲಿಂಡರಿನ ತಳದ ಹತ್ತಿರ. ಅಲ್ಲಿ ರಿಂಗ್ ಓಡಾಡುವುದೇ ಇಲ್ಲ, ಹಾಗಾಗಿ ಸವೆತವೂ ಇಲ್ಲ. ಆಮೇಲೆ ಮೇಲಿನ ಅಂಚಿಗಿಂತ ಸ್ವಲ್ಪ ಕೆಳಗೆ. ಮೇಲಿನ ರಿಂಗ್ ನಿಂತು ತಿರುಗುವ ಜಾಗ ಅದು, ಬೆಂಕಿ ಹತ್ತಿರ, ಎಣ್ಣೆ ಕಡಿಮೆ. ಸವೆತ ಜಾಸ್ತಿ ಇರುವುದೇ ಅಲ್ಲಿ.

ನನ್ನ ಎರಡನೇ ಸಿಲಿಂಡರಿನಲ್ಲಿ ಕೆಳಗೆ 0.30 ಎಂಎಂ, ಮೇಲೆ 0.62 ಬಂತು. ವ್ಯತ್ಯಾಸ 0.32. ಈಗ ಯೋಚನೆ ಮಾಡಿ, ಸಿಲಿಂಡರಿನ ವ್ಯಾಸ ಸ್ವಲ್ಪ ಹೆಚ್ಚಾದರೆ ಸುತ್ತಳತೆ ಅದರ ಪೈ ಪಟ್ಟು ಹೆಚ್ಚುತ್ತದೆ. ರಿಂಗ್ ಮಾತ್ರ ಇದ್ದಷ್ಟೇ ಉದ್ದ. ಹಾಗಾಗಿ ಹೆಚ್ಚಾದ ಸುತ್ತಳತೆಯೆಲ್ಲ ಸೀಳಿನಲ್ಲಿ ಕಾಣಿಸುತ್ತದೆ. 0.32ನ್ನು 3.14ರಿಂದ ಭಾಗಿಸಿ. 0.10 ಬರುತ್ತದೆ. ಅಂದರೆ ಮೇಲೆ ಸಿಲಿಂಡರಿನ ವ್ಯಾಸ ಒಂದು ಎಂಎಂನ ಹತ್ತನೇ ಒಂದು ಭಾಗ ದೊಡ್ಡದಾಗಿದೆ. ರಿಂಗ್ ಹಳೆಯದಾದರೂ ಪರವಾಗಿಲ್ಲ, ಒಂದೇ ರಿಂಗನ್ನು ಎರಡೂ ಕಡೆ ಇಡುವುದರಿಂದ ಅದರ ಸವೆತ ಕಳೆದುಹೋಗುತ್ತದೆ. ಆಮೇಲೆ ಲೇತ್ ಅಂಗಡಿಯಲ್ಲಿ ಬೋರ್ ಗೇಜ್ ಹಾಕಿ ನೋಡಿದಾಗಲೂ ಅದೇ 0.10. ವಕ್ರ, ಅಂದರೆ ಸಿಲಿಂಡರ್ ಗುಂಡಗಿಲ್ಲದೆ ಮೊಟ್ಟೆಯಾಗಿದೆಯಾ ಅನ್ನುವುದು ಮಾತ್ರ ರಿಂಗಿನಿಂದ ಗೊತ್ತಾಗುವುದಿಲ್ಲ. ಅದಕ್ಕೆ ಬೋರ್ ಗೇಜೇ ಬೇಕು. ಪೈ ಅನ್ನುವುದನ್ನು ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದು ಕಲಿಸಿದ್ದೇನೆ. ಅದು ಹೀಗೆ ಕಬ್ಬಿಣದ ಒಳಗೆ ಕೂತು ಕೆಲಸ ಮಾಡುವುದನ್ನು ಕೈಯಲ್ಲಿ ಮುಟ್ಟಿ ನೋಡಿದ್ದು ಅವತ್ತೇ.

ಅಳೆಯುವಾಗ ಹೊತ್ತು ಯಾವುದು ಅನ್ನುವುದೂ ಮುಖ್ಯ. ಇದನ್ನು ಹೊರಗಿನವರು ಬರೆದ ಪುಸ್ತಕಗಳಲ್ಲಿ ಒತ್ತಿ ಹೇಳಿರುವುದಿಲ್ಲ, ಅವರಿಗೆ ಬಳ್ಳಾರಿಯ ಮೇ ತಿಂಗಳು ಗೊತ್ತಿಲ್ಲವಲ್ಲ. ಜಗತ್ತಿನಲ್ಲೆಲ್ಲ ಇಂಥ ಅಳತೆಗಳನ್ನು ಹೇಳುವುದು 20 ಡಿಗ್ರಿ ಸೆಲ್ಸಿಯಸ್‌ಗೆ. ನಮ್ಮ ಶೆಡ್ಡಿನಲ್ಲಿ ಮಧ್ಯಾಹ್ನ 42. ಪಿಸ್ಟನ್ ಅಲ್ಯೂಮಿನಿಯಂದು, ಸಿಲಿಂಡರ್ ಕಬ್ಬಿಣದ್ದು. ಬಿಸಿಗೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ. 68.5 ಎಂಎಂ ಅಗಲಕ್ಕೆ, 22 ಡಿಗ್ರಿ ಹೆಚ್ಚಿಗೆ ಲೆಕ್ಕ ಹಾಕಿದರೆ ಇವೆರಡರ ನಡುವೆ ಸುಮಾರು 0.015 ಎಂಎಂ ವ್ಯತ್ಯಾಸ ಬರುತ್ತದೆ. ಇಂಥ ಚಿಕ್ಕ ಪೆಟ್ರೋಲ್ ಇಂಜಿನ್‌ಗಳಲ್ಲಿ ಪಿಸ್ಟನ್ನಿಗೂ ಸಿಲಿಂಡರಿಗೂ ನಡುವೆ ಬಿಡುವ ಜಾಗವೇ 0.04ರಿಂದ 0.05 ಎಂಎಂ. ಅದರಲ್ಲಿ ಮೂರನೇ ಒಂದು ಭಾಗವನ್ನು ಬರೀ ಬಿಸಿಲು ನುಂಗಿಬಿಡುತ್ತದೆ. ಹಾಗಾಗಿ ಪಿಸ್ಟನ್, ಬ್ಲಾಕ್, ಮೈಕ್ರೊಮೀಟರ್ ಮೂರನ್ನೂ ರಾತ್ರಿ ಒಂದೇ ಕೋಣೆಯಲ್ಲಿ ಇಟ್ಟು, ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಎದ್ದು ಅಳೆಯುತ್ತಿದ್ದೆವು. ಅಕ್ಕನ ಮಗಳು ಓದುವಳು, ನಾನು ಬರೆಯುವೆ, ಆಮೇಲೆ ಅದೇ ಜಾಗವನ್ನು ನಾನು ಓದುವೆ, ಅವಳು ಬರೆಯುವಳು. ಇಬ್ಬರದೂ ಹೊಂದಲಿಲ್ಲ ಅಂದರೆ, "ಮಾಮ, ಇನ್ನೊಂದ್ಸಲ," ಅನ್ನುತ್ತಿದ್ದಳು. ಹೊಂದುವವರೆಗೆ ಬಿಡುತ್ತಿರಲಿಲ್ಲ.

ಸವೆತ 0.10 ಅಂದ ಮೇಲೆ 0.25 ಎಂಎಂ ದೊಡ್ಡ ಪಿಸ್ಟನ್ ಸಾಕು. ಅದಕ್ಕೂ ದೊಡ್ಡದು 0.50ರದ್ದು, ಅದನ್ನು ಮುಂದಿನ ಸಲಕ್ಕೆ ಉಳಿಸಿಕೊಳ್ಳಬೇಕು. ಸಿಲಿಂಡರನ್ನು ಕೊರೆದು ಅದಕ್ಕೆ ತಕ್ಕಷ್ಟು ದೊಡ್ಡದು ಮಾಡುವ ಬೋರಿಂಗ್ ಮನೆಯಲ್ಲಿ ಮಾಡುವ ಕೆಲಸ ಅಲ್ಲ, ಲೇತ್ ಅಂಗಡಿಗೆ ಕೊಡಲೇಬೇಕು. ಆದರೆ ಕೊಡುವಾಗ ಬ್ಲಾಕ್ ಜೊತೆ ಹೊಸ ಪಿಸ್ಟನ್‌ಗಳನ್ನೂ ಕೊಡಿ. ಬರೀ 0.25 ಬೋರ್ ಮಾಡಿ ಅಂತ ಬಾಯಲ್ಲಿ ಹೇಳಿ ಬರಬೇಡಿ. ಪಿಸ್ಟನ್‌ಗಳಲ್ಲೂ ಚಿಕ್ಕ ಚಿಕ್ಕ ವ್ಯತ್ಯಾಸ ಇರುತ್ತದೆ, ಯಾವ ಪಿಸ್ಟನ್ ಯಾವ ಸಿಲಿಂಡರಿಗೆ ಅಂತ ನಂಬರ್ ಹಾಕಿಸಿ, ಒಂದೊಂದಕ್ಕೂ ಬೇಕಾದ ಜಾಗ ಬಿಟ್ಟು ಬೋರ್ ಮಾಡಿಸಬೇಕು. ಅಂಗಡಿಯವರು ಕೆಲವರು, ಇಷ್ಟೆಲ್ಲ ಯಾಕೆ ಸರ್ ಅನ್ನುತ್ತಾರೆ. ಕೇಳಿ ಮಾಡಿಸಿಕೊಳ್ಳಿ. ನಿಮ್ಮ ಕೈಯಲ್ಲಿ ಅಳತೆ ಬರೆದ ಚೀಟಿ ಇದ್ದರೆ ಅವರೂ ಕೂತು ಮಾತಾಡುತ್ತಾರೆ, ನನ್ನ ಅನುಭವ ಇದು.

ಬೋರಿಂಗ್ ಆದ ಮೇಲೆ ಹೋನಿಂಗ್. ಸಾಣೆ ಕಲ್ಲುಗಳಿಂದ ಒಳಗೋಡೆಯ ಮೇಲೆ ಅಡ್ಡಡ್ಡ ಗೆರೆ ಎಳೆಯುತ್ತಾರೆ, ಆ ಗೆರೆಗಳಲ್ಲಿ ಎಣ್ಣೆ ನಿಲ್ಲುತ್ತದೆ. ಗೆರೆ ಜೊತೆಗೆ ಕಲ್ಲಿನ ಪುಡಿಯೂ ನಿಂತಿರುತ್ತದೆ. ಇದನ್ನು ಪೆಟ್ರೋಲಲ್ಲೋ ಡೀಸೆಲಲ್ಲೋ ತೊಳೆದರೆ ಹೋಗುವುದಿಲ್ಲ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಗಟ್ಟಿ ಬ್ರಶ್, ಇವೇ ಬೇಕು. ತೊಳೆದು, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿದರೆ ಮತ್ತೆ ತೊಳೆಯಬೇಕು. ಬಟ್ಟೆ ಬಿಳಿಯಾಗಿಯೇ ಹೊರಗೆ ಬರುವವರೆಗೆ. ಒಣಗಿದ ಕೂಡಲೇ ಎಣ್ಣೆ ಸವರಿ, ಇಲ್ಲದಿದ್ದರೆ ಕಣ್ಣ ಮುಂದೆಯೇ ತುಕ್ಕು ಹಿಡಿಯುತ್ತದೆ.

ಕ್ರ್ಯಾಂಕ್ ನನ್ನದು ಚೆನ್ನಾಗಿತ್ತು, ಗ್ರೈಂಡಿಂಗ್ ಮಾಡಿಸಬೇಕಾಗಲಿಲ್ಲ. ಹೊಸ ಬೇರಿಂಗ್ ಶೆಲ್ (ಕ್ರ್ಯಾಂಕ್ ಕೂರುವ ಜಾಗದ ತೆಳು ಒಳಪದರ) ಹಾಕಿ ಪ್ಲಾಸ್ಟಿಗೇಜ್‌ನಿಂದ ಅಳೆದೆವು. ನೂಲಿನಷ್ಟು ಸಣ್ಣ ಮೇಣದಂಥ ಎಳೆ ಅದು. ಕ್ರ್ಯಾಂಕಿನ ಮೇಲೆ ಒಂದು ತುಂಡು ಇಟ್ಟು, ಕ್ಯಾಪ್ ಕೂರಿಸಿ, ಸರಿಯಾದ ಬಿಗಿಗೆ ತಿರುಗಿಸಿ, ಮತ್ತೆ ಬಿಚ್ಚಿದರೆ ಎಳೆ ಚಪ್ಪಟೆ ಆಗಿರುತ್ತದೆ. ಜಾಗ ಕಡಿಮೆ ಇದ್ದಷ್ಟೂ ಅಗಲ ಜಾಸ್ತಿ. ಪೊಟ್ಟಣದ ಮೇಲೆ ಅಚ್ಚಾದ ಪಟ್ಟಿಗೆ ಹಿಡಿದು ನೋಡಿದರೆ ಜಾಗ ಎಷ್ಟು ಅಂತ ಗೊತ್ತಾಗುತ್ತದೆ. ನಡುವೆ ಕ್ರ್ಯಾಂಕ್ ತಿರುಗಿಸಬಾರದು, ಅಷ್ಟೇ. ಇಲ್ಲಿನ ಜಾಗ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಇಂಜಿನ್ ಓಡುವಾಗ ಆ ಜಾಗದಲ್ಲಿ ಎಣ್ಣೆ ತುಂಬಿ, ಕ್ರ್ಯಾಂಕ್ ಎಣ್ಣೆಯ ಮೇಲೆ ತೇಲುತ್ತದೆ, ಶೆಲ್ಲನ್ನು ಮುಟ್ಟುವುದೇ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಂಬಿಕೆ ಬರಲಿಲ್ಲ. ಜಾಗ ಜಾಸ್ತಿಯಾದರೆ ಎಣ್ಣೆ ಸೋರಿ ಒತ್ತಡ ಬೀಳುತ್ತದೆ. ಕಡಿಮೆಯಾದರೆ ಎಣ್ಣೆ ನುಗ್ಗಲು ದಾರಿ ಇಲ್ಲ. ಆ ಎರಡರ ನಡುವೆ ಇರುವುದು ಒಂದು ಎಂಎಂನ ನೂರನೇ ಭಾಗದ ಲೆಕ್ಕ.

ಹೆಡ್ ಅಲ್ಯೂಮಿನಿಯಂದು. ನೇರವಾದ ಉಕ್ಕಿನ ಪಟ್ಟಿ ಇಟ್ಟು, ಕೆಳಗೆ ಫೀಲರ್ ಗೇಜ್ ತೂರಿಸಿ ನೋಡಿದಾಗ ಮೂಲೆಯಿಂದ ಮೂಲೆಗೆ 0.12 ಬಾಗಿತ್ತು. ಬೋರ್‌ವೆಲ್ ನೀರಿನ ಫಲ ಅಂತ ಮೇಲೆ ಹೇಳಿದೆನಲ್ಲ. ಲೇತ್ ಅಂಗಡಿಯಲ್ಲಿ 0.15 ಎಂಎಂ ಕೆರೆದು ಮಟ್ಟ ಮಾಡಿಸಿದೆ. ಹೆಡ್ ಕೆರೆದರೆ ಬೆಂಕಿ ಉರಿಯುವ ಕೋಣೆ ಚಿಕ್ಕದಾಗುತ್ತದೆ, ಕಂಪ್ರೆಶನ್, ಅಂದರೆ ಒಳಗಿನ ಗಾಳಿಯನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಅನ್ನುವುದು, ಏರುತ್ತದೆ. ಎಷ್ಟು ಏರುತ್ತದೆ? ಶಾಲೆಯ ಲ್ಯಾಬಿನ ಬ್ಯುರೆಟ್ (ಗುರುತು ಹಾಕಿದ ಅಳತೆ ಕೊಳವೆ) ಕೇಳಿ ತಂದೆ. ವಾಲ್ವ್, ಕಿಡಿ ಹಾರಿಸುವ ಪ್ಲಗ್ ಹಾಕಿದ ಹೆಡ್ಡನ್ನು ಬೋರಲು ಹಾಕಿ, ಅಂಚಿಗೆ ಗ್ರೀಸ್ ಸವರಿ, ತೂತು ಇರುವ ಗಾಜಿನಂಥ ಹಾಳೆ ಮುಚ್ಚಿ, ತೂತಿನಿಂದ ಬಣ್ಣದ ನೀರು ಬಿಟ್ಟು ಮೂರೂ ಕೋಣೆಗಳ ಸಿಸಿ ಅಳೆದೆವು. ಮೂರೂ ಹತ್ತಿರ ಹತ್ತಿರ ಇದ್ದವು.

ಲೆಕ್ಕ ಹೀಗಿದೆ. ಈ ಇಂಜಿನ್ನಿನ ಕಂಪ್ರೆಶನ್ 8.7ಕ್ಕೆ 1. ಅಂದರೆ ಹೆಡ್ಡಿಗೂ ಬ್ಲಾಕಿಗೂ ನಡುವೆ ಕೂರುವ ಗ್ಯಾಸ್ಕೆಟ್ ದಪ್ಪವೂ ಸೇರಿ ಮೇಲೆ ಉಳಿಯುವ ಜಾಗ ಸುಮಾರು 34.5 ಸಿಸಿ. 0.15 ಎಂಎಂ ಕೆರೆದರೆ ಅದರಲ್ಲಿ ಅರ್ಧ ಸಿಸಿಗಿಂತ ಸ್ವಲ್ಪ ಜಾಸ್ತಿ ಹೋಗುತ್ತದೆ, 8.7 ಇದ್ದದ್ದು 8.8 ಆಗುತ್ತದೆ. ಸಿಲಿಂಡರ್ 0.25 ದೊಡ್ಡದಾಗಿದ್ದರಿಂದ ಇಂಜಿನ್ 796ರ ಬದಲು 802 ಸಿಸಿ ಆಗಿದೆ, ಅದೂ ಸೇರಿದರೆ 8.9ರ ಹತ್ತಿರ. ಮಾಮೂಲಿ ಪೆಟ್ರೋಲಿಗೆ ಏನೂ ತೊಂದರೆ ಇಲ್ಲ. ಆದರೆ ಪೆಟ್ರೋಲಿನಲ್ಲಿ ಈಗ ಶೇ. 20ರವರೆಗೆ ಎಥನಾಲ್ ಬೆರೆತಿರುತ್ತದೆ, ಹಳೇ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಂ ಎರಡನ್ನೂ ಬದಲಿಸಿದೆ.

ಬಿಗಿ ಮಾಡುವ ವಿಷಯದಲ್ಲಿ ಉಸ್ತಾದರಿಗೂ ನನಗೂ ಬೇರೆ ಬೇರೆ ಅಭಿಪ್ರಾಯ ಇದೆ. ಅವರು ಟಾರ್ಕ್ ಪಾನಾ, ಅಂದರೆ ಬೇಕಾದ ಬಿಗಿ ಬಂದಾಗ ಟಕ್ ಅನ್ನುವ ಪಾನಾ, ಮುಟ್ಟುವುದಿಲ್ಲ. ಒಮ್ಮೆ ಅವರು ಕೈಯಲ್ಲಿ ಬಿಗಿ ಮಾಡಿದ ಓಮ್ನಿಯ ಹೆಡ್ ಬೋಲ್ಟ್‌ಗಳಿಗೆ ಅವರ ಅನುಮತಿ ಕೇಳಿ ನನ್ನ ಪಾನಾ ಹಾಕಿ ನೋಡಿದೆ. ಒಂದೂ ಸಡಿಲ ಇರಲಿಲ್ಲ, ಪಾನಾ ಸ್ವಲ್ಪವೂ ತಿರುಗದೆ ಟಕ್ ಅಂದಿತು. ಅದು ಇಡೀ ಜನ್ಮದ ಅಭ್ಯಾಸ. ಹವ್ಯಾಸಕ್ಕೆ ಕಲಿಯುವವರಿಗೆ ಆ ಕೈ ಇರುವುದಿಲ್ಲ, ಬರುವುದೂ ಇಲ್ಲ. 3000 ಆರ್‌ಪಿಎಂನಲ್ಲಿ ಪಿಸ್ಟನ್ ಒಂದು ಸೆಕೆಂಡಿಗೆ ನೂರು ಸಲ ನಿಂತು ದಿಕ್ಕು ಬದಲಿಸುತ್ತದೆ. ಮೇಲೆ ನಿಂತಾಗ ಅದನ್ನು ಹಿಡಿದು ಕೆಳಗೆ ಎಳೆಯುವುದು ಕನೆಕ್ಟಿಂಗ್ ರಾಡಿನ ಎರಡೇ ಎರಡು ಬೋಲ್ಟ್. ಅಲ್ಲಿ ಅಂದಾಜು ಬೇಡ. ಟಾರ್ಕ್ ಪಾನಾ ತಗೊಳ್ಳಿ, ಮ್ಯಾನ್ಯುಯಲ್ ಹೇಳಿದ ಸಂಖ್ಯೆಗೆ ಇಟ್ಟು ತಿರುಗಿಸಿ. ಒಂದು ಎಚ್ಚರಿಕೆ ಮಾತು. ಹಳೇ ಮ್ಯಾನ್ಯುಯಲ್‌ಗಳಲ್ಲಿ ಬಿಗಿಯನ್ನು ಕೆಜಿ-ಮೀಟರಿನಲ್ಲಿ ಕೊಟ್ಟಿರುತ್ತಾರೆ, ಈಗಿನ ಪಾನಾಗಳ ಮೇಲೆ ನ್ಯೂಟನ್-ಮೀಟರ್ ಇರುತ್ತದೆ. 9.8ರಿಂದ ಗುಣಿಸಿ. ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಶುರು ಮಾಡಿ ಹೊರಗೆ ಬರುತ್ತಾ, ಒಂದೇ ಸಲಕ್ಕಲ್ಲ, ಮೂರು ನಾಲ್ಕು ಸುತ್ತಿನಲ್ಲಿ ಬಿಗಿ ಮಾಡಬೇಕು.

ಕಟ್ಟುವುದರ ಬಗ್ಗೆ ಹೇಳಲು ಜಾಸ್ತಿ ಇಲ್ಲ, ಅಳತೆ ಸರಿ ಇದ್ದರೆ ಕಟ್ಟುವುದು ಸಲೀಸು. ರಿಂಗ್ ಸೀಳುಗಳು ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ. ಪಿಸ್ಟನ್ ತಲೆ ಮೇಲಿನ ಗುರುತು ಮುಂದಕ್ಕೆ. ತಿರುಗುವ ಪ್ರತಿಯೊಂದಕ್ಕೂ ಎಣ್ಣೆ. ಟೈಮಿಂಗ್ ಬೆಲ್ಟ್ ಹಾಕಿದ ಮೇಲೆ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿ, ಕ್ಯಾಮ್ ಒಂದು ಸುತ್ತು ಮುಗಿಸಿ ಗುರುತುಗಳು ಮತ್ತೆ ಎದುರುಬದುರು ಬಂದವಾ ನೋಡಿ. ಕಿಡಿ ಹಾರುವ ಕ್ರಮ 1-3-2, ವೈರ್ ಹಾಕುವಾಗ ನೆನಪಿರಲಿ.

ಮೊದಲ ಸಲ ಶುರು ಮಾಡುವ ಮುಂಚೆ ಪ್ಲಗ್ ಬಿಚ್ಚಿಟ್ಟು, ಎಣ್ಣೆ ಒತ್ತಡದ ಲೈಟ್ ಆರುವವರೆಗೆ ಸ್ಟಾರ್ಟರಿನಲ್ಲೇ ತಿರುಗಿಸಿದೆವು. ಎಣ್ಣೆ ಎಲ್ಲ ಕಡೆ ತಲುಪಿದ ಮೇಲೆಯೇ ಪ್ಲಗ್ ಹಾಕಿದ್ದು. ಸ್ಟ್ಯಾಂಡನ್ನು ಶೆಡ್ಡಿನಿಂದ ಬಯಲಿಗೆ ತಂದಿದ್ದೆವು, ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಮುಚ್ಚಿದ ಜಾಗದಲ್ಲಿ ಯಾವತ್ತೂ ಓಡಿಸಬೇಡಿ. ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇತ್ತು. ಇಂಜಿನ್ ಹಿಡಿದುಕೊಂಡಾಗ ಅಕ್ಕನ ಮಗಳು ಕೂಗಿದ ಕೂಗಿಗೆ ಪಕ್ಕದ ಮನೆಯವರೆಲ್ಲ ಬಂದರು. ಉಸ್ತಾದ್ ಮಾತ್ರ ಸ್ಕ್ರೂ ಡ್ರೈವರಿನ ಒಂದು ತುದಿ ಬ್ಲಾಕಿಗೂ ಇನ್ನೊಂದು ತುದಿ ಕಿವಿಗೂ ಇಟ್ಟು, ಕಣ್ಣು ಮುಚ್ಚಿ ಸುತ್ತ ಒಂದೊಂದು ಕಡೆ ಕೇಳುತ್ತಾ ಹೋದರು. "ಕೆಳಗೆ ಏನೂ ಇಲ್ಲ ಸರ್. ಮೇಲೆ ಮೂರನೇದು ಸ್ವಲ್ಪ ನೋಡ್ರಿ," ಅಂದರು.

ಕೆಲವು ಗಂಟೆ ಓಡಿಸಿ, ಮೊದಲ ಎಣ್ಣೆ ಚೆಲ್ಲಿ, ಫಿಲ್ಟರ್ ಬದಲಿಸಿ, ಆಮೇಲೆ ಕಂಪ್ರೆಶನ್ ಗೇಜ್ ಹಾಕಿ ಅಳೆದೆ. ಮೊದಲ ಎರಡು ಸಿಲಿಂಡರ್ ಸಮ. ಮೂರನೆಯದು ಅವಕ್ಕಿಂತ ಕಡಿಮೆ, ಗೇಜಿನ ಮುಳ್ಳು ಕಣ್ಣಿಗೆ ಕಾಣುವಷ್ಟು ಕೆಳಗೆ. ರಿಂಗ್ ಸೋರುತ್ತಿದೆಯಾ, ವಾಲ್ವ್ ಸೋರುತ್ತಿದೆಯಾ ಅಂತ ಬಿಚ್ಚದೆಯೇ ತಿಳಿಯಲು ಒಂದು ದಾರಿ ಇದೆ. ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಎಣ್ಣೆ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ರಿಂಗಿನ ಸುತ್ತ ಕೂತು ಸಂದು ಮುಚ್ಚುತ್ತದೆ, ರಿಂಗ್ ಸೋರುತ್ತಿದ್ದರೆ ಮುಳ್ಳು ಏರುತ್ತದೆ. ನನ್ನದರಲ್ಲಿ ಏರಲಿಲ್ಲ. ಅಂದರೆ ಬೋರಿಂಗ್ ಕೆಲಸ ಸರಿ ಇದೆ, ಸೋರುತ್ತಿರುವುದು ಬಹುಶಃ ವಾಲ್ವ್. ಹೊಸ ಹೆಡ್ ಗ್ಯಾಸ್ಕೆಟ್, ವಾಲ್ವ್ ಉಜ್ಜುವ ಪೇಸ್ಟ್ ಎರಡೂ ತಂದಿಟ್ಟಿದ್ದೇನೆ. ದಸರಾ ರಜೆಯಲ್ಲಿ ಹೆಡ್ ಇಳಿಸುತ್ತೇವೆ.